ರೋಣಗಲ್ಲಿಗೆ ಹೊಸ ಕೆಲಸ

ಚೆನ್ನೈನ ಕನ್ನಡಿಗರಲ್ಲಿ ಒಂದು ಗುಂಪಿದೆ. ವಾರದ ಐದು ದಿನ ಓಎಂಆರ್ ರಸ್ತೆಯ ಆಫೀಸುಗಳಲ್ಲಿ ಕೋಡ್ ಬರೆಯುತ್ತದೆ. ಮುಂಗಾರು ಶುರುವಾದರೆ ಶುಕ್ರವಾರ ರಾತ್ರಿಯ ಬಸ್ಸು ಹಿಡಿದು ಊರಿಗೆ ಓಡುತ್ತದೆ. ನಾನೂ ಅದೇ ಗುಂಪಿನವನು. ನಮ್ಮದು ಹೊಸೂರಿನ ಆಚೆ ಡೆಂಕಣಿಕೋಟೆ ಕಡೆಯ ಮೂರು ಎಕರೆ ಕೆಂಪು ಮಣ್ಣಿನ ಹೊಲ. ನಕ್ಷೆಯಲ್ಲಿ ತಮಿಳುನಾಡು, ಮನೆ ಮಾತು ಕನ್ನಡ, ತಟ್ಟೆಯಲ್ಲಿ ರಾಗಿಮುದ್ದೆ.

ಹೊಲ ನೋಡಿಕೊಳ್ಳುವವರು ಚಿಕ್ಕಪ್ಪ. ಎತ್ತು ಮಾರಿ ವರ್ಷಗಳಾದವು. ಈಗ ಬಾಡಿಗೆ ಟ್ರ್ಯಾಕ್ಟರ್ ಬಂದು ರೋಟಾವೇಟರ್ ಹೊಡೆದು ಹೋಗುತ್ತದೆ. ಮಣ್ಣು ನೋಡಲು ಹಿಟ್ಟಿನ ಹಾಗೆ ಚೆನ್ನಾಗಿರುತ್ತದೆ, ಕಾಲಿಟ್ಟರೆ ಪಾದ ಮುಳುಗುತ್ತದೆ. ಆದರೆ ಬಿತ್ತಿದ ರಾಗಿ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬೋಳಾಗಿ ಹುಟ್ಟುತ್ತದೆ. ಹಾಗಾದಾಗಲೆಲ್ಲ ಚಿಕ್ಕಪ್ಪನದು ಒಂದೇ ಮಾತು: "ಬೀಜ ಚೆಲ್ಲಿ ಆಕಾಶ ನೋಡೋ ಬದಲು ಸೈಟ್ ಮಾಡಿ ಮಾರಿಬಿಡೋಣ ಕಣಪ್ಪ." ಹೊಸೂರಿನ ಸುತ್ತ ಈ ಮಾತು ಬರೀ ಬೇಸರದ ಮಾತಲ್ಲ. ಅಕ್ಕಪಕ್ಕದ ಹೊಲಗಳಲ್ಲಿ ಕಲ್ಲು ನೆಟ್ಟಾಗಿದೆ. ಹಾಗಾಗಿ ರಾಗಿ ಸಮನಾಗಿ ಹುಟ್ಟುವುದು ನಮ್ಮ ಮನೆಯಲ್ಲಿ ಬೆಳೆಯ ಪ್ರಶ್ನೆಯಷ್ಟೇ ಅಲ್ಲ, ಹೊಲ ಉಳಿಯುವ ಪ್ರಶ್ನೆಯೂ ಹೌದು.

ಬೀಜಕ್ಕೆ ಮಣ್ಣು ತಾಗಬೇಕು

ಸಾವಿರ ರಾಗಿ ಕಾಳು ತೂಗಿದರೆ ಸುಮಾರು ಮೂರು ಗ್ರಾಂ. ಕೂರಿಗೆ ಬಿತ್ತನೆಗೆ ಎಕರೆಗೆ ನಾಲ್ಕು ಕೆಜಿ ಬೀಜ ಹಾಕಿದರೆ ಹತ್ತು ಲಕ್ಷಕ್ಕೂ ಹೆಚ್ಚು ಕಾಳು ನೆಲಕ್ಕೆ ಬಿದ್ದಂತೆ. ಇಷ್ಟು ಸಣ್ಣ ಕಾಳು ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ಮಣ್ಣಿಗೆ ಅಂಟಿಕೊಂಡಿದ್ದರೆ ಮಾತ್ರ ತೇವ ಹೀರುತ್ತದೆ. ಹೆಂಟೆಗಳ ನಡುವಿನ ಪೊಳ್ಳಿನಲ್ಲಿ ಬಿದ್ದರೆ ಒಂದು ಮಳೆಗೆ ಮೊಳಕೆಯೊಡೆದು ಎರಡು ಬಿಸಿಲಿಗೆ ಒಣಗುತ್ತದೆ. ಬಿತ್ತಿದ ಮೇಲೆ ನೆಲವನ್ನು ಹದವಾಗಿ ಒತ್ತಿದರೆ ಪೊಳ್ಳು ಮುಚ್ಚುತ್ತದೆ, ಕೆಳಗಿನ ತೇವ ಮಣ್ಣಿನ ಸೂಕ್ಷ್ಮ ಸಂದುಗಳ ಮೂಲಕ ಬೀಜದವರೆಗೆ ಏರುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ನಮ್ಮವರು ಹಲಗೆ ಎಳೆದು ಹೆಂಟೆ ಒಡೆಯುತ್ತಿದ್ದರು. ತಮಿಳು ರೈತರು ಅದೇ ಕೆಲಸದ ಹಲಗೆಯನ್ನು ಪರಂಬು ಎನ್ನುತ್ತಾರೆ. ಪಶ್ಚಿಮದ ದೇಶಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಎಳೆಯುವ ಉದ್ದನೆಯ ಕಬ್ಬಿಣದ ರೋಲರ್‌ಗಳಿವೆ. ಮೂರು ಎಕರೆಯವನಿಗೆ ಅದು ಆನೆಯ ಸಹವಾಸ. ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಲೆಕ್ಕ ಹಾಕಲು ಕುಳಿತೆ.

ತೂಕದ ಲೆಕ್ಕ

ರೋಲರ್‌ನಲ್ಲಿ ಮುಖ್ಯವಾದದ್ದು ಒಟ್ಟು ತೂಕವಲ್ಲ, ಒಂದು ಮೀಟರ್ ಅಗಲಕ್ಕೆ ಎಷ್ಟು ತೂಕ ಬೀಳುತ್ತದೆ ಎಂಬುದು. ಎಲ್ಲ ಕಡೆ ಸಿಗುವ 200 ಲೀಟರ್ ಕಬ್ಬಿಣದ ಡ್ರಮ್ಮು ಹೆಚ್ಚುಕಡಿಮೆ 88 ಸೆಂಟಿಮೀಟರ್ ಉದ್ದ, 57 ಸೆಂಟಿಮೀಟರ್ ದಪ್ಪ. ಪೂರ್ತಿ ನೀರು ತುಂಬಿದರೆ ಡ್ರಮ್ಮೂ ಸೇರಿ ಸುಮಾರು 220 ಕೆಜಿ, ಅಂದರೆ ಮೀಟರಿಗೆ 250 ಕೆಜಿ. ಕಾಂಕ್ರೀಟ್ ತುಂಬಿದರೆ 500 ಕೆಜಿ, ಮೀಟರಿಗೆ 570ರ ಹತ್ತಿರ. ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿಗೆ, ರಾಗಿಯಂಥ ಸಣ್ಣ ಬೀಜಕ್ಕೆ, ಎರಡನೆಯದು ಅತಿಯಾಯಿತು.

ಲೆಕ್ಕ ಇಲ್ಲಿಗೆ ಬಂದಾಗ ಹಿತ್ತಿಲಿನ ರೋಣಗಲ್ಲು ನೆನಪಾಯಿತು. ಕಣದಲ್ಲಿ ರಾಗಿ ತೆನೆಯ ಮೇಲೆ ಎತ್ತು ಕಟ್ಟಿ ಸುತ್ತಿಸುತ್ತಿದ್ದ ಗುಂಡು ಅದು. ಈಗ ಒಕ್ಕಣೆ ಯಂತ್ರದಲ್ಲಿ, ಇಲ್ಲವೇ ಟಾರು ರಸ್ತೆಯ ಮೇಲೆ ಹರಡಿ ಲಾರಿ ಬಸ್ಸುಗಳ ಚಕ್ರದಡಿ ನಡೆಯುತ್ತದೆ. ಕಲ್ಲಿನ ಮೇಲೆ ಮನೆಯವರು ಕೂತು ಮಾತಾಡುತ್ತಾರೆ, ಅಷ್ಟೇ ಅದರ ಉಪಯೋಗ. ಟೇಪು ಹಿಡಿದೆವು: 75 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ದಪ್ಪ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2650 ಕೆಜಿ ತೂಗುತ್ತದೆ. ಗುಣಿಸಿದರೆ ಕಲ್ಲಿನ ತೂಕ 250 ಕೆಜಿ, ಮೀಟರಿಗೆ 330. ಬೇಕಾದ ತೂಕ ಮನೆ ಬಾಗಿಲಲ್ಲೇ ಬಿದ್ದಿತ್ತು!

ಚೌಕಟ್ಟು ಕಟ್ಟಿದ್ದು

ಕಲ್ಲಿನ ಎರಡೂ ತುದಿಯ ನಡುವೆ ಕಬ್ಬಿಣದ ಗೂಟ ಕೂರುವ ಕುಳಿ ಇದ್ದೇ ಇರುತ್ತದೆ. ಹಳೆಯ ಗೂಟ ತೆಗೆಸಿ ಹೊಸದನ್ನು ಕೂರಿಸಿದೆವು. ಗೂಟ ತಿರುಗಲು ಬುಷ್, ಬೇರಿಂಗ್ ಸಿಕ್ಕಿದ್ದು ಚೆನ್ನೈನ ಪುದುಪೇಟೆಯ ಹಳೇ ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ. ಅಂಬತ್ತೂರಿನ ಒಂದು ಲೇತ್ ಅಂಗಡಿಯಲ್ಲಿ ಅಳತೆಗೆ ಕಡೆಸಿದೆ. ಕಲ್ಲಿನ ಸುತ್ತ ಆ್ಯಂಗಲ್‌ನ ಆಯತಾಕಾರದ ಚೌಕಟ್ಟು, ಮುಂದಕ್ಕೆ ಗಾಡಿಯ ಮೂಕಿಯಂಥ ಗಟ್ಟಿ ಪೈಪು. ಕಟ್ಟಿದ್ದು ಊರಿನ ವೆಲ್ಡಿಂಗ್ ಅಂಗಡಿಯವರು, ಒಂದೇ ದಿನದಲ್ಲಿ.

ಆ ಗಟ್ಟಿ ಪೈಪಿನ ಜಾಗದಲ್ಲಿ ಹಗ್ಗ, ಸರಪಳಿ ಬೇಡವೇ ಬೇಡ. ಇಳಿಜಾರಿನಲ್ಲಿ 250 ಕೆಜಿ ಕಲ್ಲು ತಾನೇ ಉರುಳಿ ಬಂದು ಎಳೆಯುವವರ ಹಿಮ್ಮಡಿಗೆ ಬಡಿಯುತ್ತದೆ. ಎತ್ತಾಗಲಿ ಪವರ್ ಟಿಲ್ಲರ್ ಹಿಡಿದ ಮನುಷ್ಯನಾಗಲಿ, ಕಾಲು ಉಳಿಯುವುದಿಲ್ಲ.

ರೋಣಗಲ್ಲು ಇಲ್ಲದವರಿಗೆ ಡ್ರಮ್ಮೇ ಗತಿ. ಮಣ್ಣು ಗಟ್ಟಿ, ಹೆಂಟೆ ದೊಡ್ಡದು ಎಂದಾದರೆ ಕಾಂಕ್ರೀಟ್ ತುಂಬಬಹುದು. 1:2:4 ಮಿಶ್ರಣಕ್ಕೆ ಒಂದೂಕಾಲು ಮೂಟೆ ಸಿಮೆಂಟು ಸಾಕು. ನಡುವಿನ ಪೈಪು ಎರಡೂ ತುದಿಯಲ್ಲಿ ಸರಿಯಾಗಿ ಮಧ್ಯದಲ್ಲಿರಬೇಕು, ಇಲ್ಲದಿದ್ದರೆ ಡ್ರಮ್ಮು ಕುಂಟುತ್ತದೆ. ಪೈಪಿಗೆ ಕಬ್ಬಿಣದ ಕಿವಿ ವೆಲ್ಡ್ ಮಾಡಿದರೆ ಕಾಂಕ್ರೀಟಿನೊಳಗೆ ಜಾರುವುದಿಲ್ಲ. ಕನಿಷ್ಠ ಏಳು ದಿನ ನೀರು ಕುಡಿಸಿ, 28 ದಿನ ಕಳೆದ ಮೇಲೆ ಹೊಲಕ್ಕೆ ಇಳಿಸಿ. ಎಲ್ಲಕ್ಕಿಂತ ಮುಖ್ಯ: ಎಣ್ಣೆ, ಥಿನ್ನರ್, ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಗ್ಯಾಸ್‌ನಿಂದ ಕತ್ತರಿಸಬೇಡಿ, ವೆಲ್ಡ್ ಮಾಡಬೇಡಿ. ಖಾಲಿ ಕಂಡರೂ ಒಳಗಿನ ಆವಿ ಸಿಡಿದು ಜೀವ ತೆಗೆಯುತ್ತದೆ.

ಎಳೆಯುವ ಹದ

ಬಿತ್ತನೆಯಾದ ಮೇಲೆ ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಡಿದು ಕೈಬಿಡಿ. ಬಿದ್ದು ಪುಡಿಯಾದರೆ ಹದ ಬಂದಿದೆ. ಉಂಡೆಯಾಗಿಯೇ ಉಳಿದರೆ, ಕಲ್ಲಿಗೆ ಅಂಟಿದರೆ ಕೆಲಸ ನಿಲ್ಲಿಸಿ. ಹಸಿ ಮಣ್ಣು ಒತ್ತಿದರೆ ಇಟ್ಟಿಗೆಯಾಗುತ್ತದೆ, ಬೇರು ಇಳಿಯುವುದಿಲ್ಲ.

ಕೆಂಪು ಮಣ್ಣಿಗೆ ಇನ್ನೊಂದು ಕಾಯಿಲೆಯಿದೆ. ಮೇಲ್ಮೈ ನುಣುಪಾಗಿದ್ದು ಜೋರು ಮಳೆ ಬಿದ್ದರೆ ಒಣಗುವಾಗ ಹೆಪ್ಪುಗಟ್ಟಿ ಮೊಳಕೆಯನ್ನು ಒಳಗೇ ತಡೆಯುತ್ತದೆ, ನೀರೂ ಇಂಗದೆ ಹರಿದು ಹೋಗುತ್ತದೆ. ಅದಕ್ಕೆ ಇಳಿಜಾರಿಗೆ ಅಡ್ಡಲಾಗಿ ಕಲ್ಲು ಎಳೆದು, ಹಿಂದೆಯೇ ಮುಳ್ಳುಕೊಂಬೆ ಎಳೆದು ಮೇಲ್ಮಣ್ಣನ್ನು ಒರಟಾಗಿಸಬೇಕು. ತುದಿಯಲ್ಲಿ ಅಗಲವಾಗಿ ತಿರುಗಿಸಬೇಕು. ಚಿಕ್ಕ ತಿರುವಿನಲ್ಲಿ ಕಲ್ಲು ಉರುಳುವ ಬದಲು ಉಜ್ಜಿ ಬೀಜವನ್ನೇ ಎಳೆದೊಯ್ಯುತ್ತದೆ.

ಮುಕ್ಕಾಲು ಮೀಟರ್ ಅಗಲದ ಕಲ್ಲಿಗೆ ಒಂದು ಎಕರೆ ಅಂದರೆ ಸುಮಾರು ಐದೂವರೆ ಕಿಲೋಮೀಟರ್ ನಡಿಗೆ, ತಿರುವು ಸೇರಿ ಎರಡು ಗಂಟೆ. ಪವರ್ ಟಿಲ್ಲರ್ ಸಾಕು. ದೊಡ್ಡ ಟ್ರ್ಯಾಕ್ಟರಿನ ಟಯರು ಕಲ್ಲಿಗಿಂತ ಹೆಚ್ಚು ಒತ್ತುತ್ತದೆ.

ಹಾವೇರಿಯ ಕೊರಡು

ಒತ್ತುವ ವಿದ್ಯೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದವರು ಹಾವೇರಿ ಜಿಲ್ಲೆಯ ಗುಳಿ ರಾಗಿ ಬೆಳೆಗಾರರು. ಅವರು ಒಂದೂವರೆ ಅಡಿ ಅಂತರದ ಚೌಕ ಗೆರೆ ಹಾಕಿ, ಗೆರೆ ಕೂಡುವಲ್ಲಿ ಗುಳಿ ಮಾಡಿ, ಹಿಡಿ ಗೊಬ್ಬರದ ಜೊತೆ ಎರಡೆರಡು ಸಸಿ ನೆಡುತ್ತಾರೆ. ಸಸಿ ಬೇರೂರಿದ ಮೇಲೆ ಕೊರಡು ಎಂಬ ಹಗುರ ಮರದ ದಿಮ್ಮಿಯನ್ನು ಬೆಳೆಯ ಮೇಲೆಯೇ ಎಳೆಯುತ್ತಾರೆ! ಸಸಿ ಮುರಿಯದೆ ಬಾಗುತ್ತದೆ, ಬುಡದಿಂದ ಹೊಸ ತೆಂಡೆಗಳು ಹೊರಡುತ್ತವೆ. ಮಳೆಯಾಶ್ರಿತದಲ್ಲೂ ಎಕರೆಗೆ 18ರಿಂದ 20 ಕ್ವಿಂಟಾಲ್ ಇಳುವರಿ ವರದಿಯಾಗಿದೆ. ಆ ಕೆಲಸಕ್ಕೆ ಹಗುರ ಕೊರಡೇ ಬೇಕು. ರೋಣಗಲ್ಲು ಎಳೆದರೆ ಸಸಿ ಚಟ್ನಿಯಾಗುತ್ತದೆ.

ಕಳೆದ ಮುಂಗಾರಿನಲ್ಲಿ ನಾವು ಅರ್ಧ ಹೊಲಕ್ಕೆ ಕಲ್ಲು ಎಳೆಸಿ ಅರ್ಧ ಹಾಗೇ ಬಿಟ್ಟೆವು. ಎಳೆಸಿದ ಕಡೆ ಪೈರು ಸಮನಾಗಿ ಬಂತು, ಬೋಳು ಜಾಗ ಕಡಿಮೆ. ಒಂದು ವರ್ಷದ ನೋಟವನ್ನು ಸಿದ್ಧಾಂತ ಮಾಡಲಾರೆ, ಮಳೆಯೂ ಕೈ ಹಿಡಿದಿತ್ತು. ಆದರೆ ಈ ಬಾರಿ ಪೂರ್ತಿ ಹೊಲಕ್ಕೆ ಎಳೆಸಬೇಕೆಂದವರು ಚಿಕ್ಕಪ್ಪನೇ. ಸೈಟಿನ ಮಾತು ಸದ್ಯಕ್ಕೆ ನಿಂತಿದೆ.

ನಿಮ್ಮ ಊರಲ್ಲೂ ಯಾವುದೋ ಬೇಲಿ ಪಕ್ಕ ಇಂಥ ಕಲ್ಲೊಂದು ಬಿದ್ದಿರಬಹುದು. ಮುಂದಿನ ಸಲ ಹೋದಾಗ ಟೇಪು ತೆಗೆದುಕೊಂಡು ಹೋಗಿ.