ಬಿಸಿಲಿಗೆ ಬಾಳುವ ಬೋರ್ಡ್

ಸೊಲ್ಲಾಪುರ–ವಿಜಯಪುರ ಹೆದ್ದಾರಿಯ ಮೇಲಿನ ಝಳಕಿಯಂಥ ಊರಲ್ಲಿ ಪಹಣಿ ತೆಗೆಸಲು, ಬೆಳೆವಿಮೆ ತುಂಬಲು, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಜನ ಝೆರಾಕ್ಸ್ ಅಂಗಡಿಯ ಒಂದು ಪಿಸಿಯನ್ನೇ ನಂಬಿರುತ್ತಾರೆ. ವಿಮೆಯ ಕಡೆಯ ದಿನವೇ "ಬೋರ್ಡ್ ಹೋತ್ರೀ" ಎಂದರೆ ಅಂಗಡಿಯವನ ಗಳಿಕೆಯ ಜೊತೆಗೆ ಪಾಳಿಯಲ್ಲಿ ನಿಂತವರ ಕೆಲಸವೂ ಕೆಟ್ಟಿತು.

ಪಿಸಿ ಕೊಳ್ಳುವಾಗ ಎಲ್ಲರ ಕಣ್ಣು ಪ್ರೊಸೆಸರ್ ಹೆಸರಿನ ಮೇಲೆ, ಆಮೇಲೆ ರ್‍ಯಾಮ್ ಮೇಲೆ. ಮದರ್‌ಬೋರ್ಡಿಗೆ ಉಳಿದ ದುಡ್ಡು. ಆದರೆ ಬಿಸಿಲು, ದೂಳು, ಏರಿಳಿಯುವ ಕರೆಂಟಿನ ಈ ಸೀಮೆಯಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಬೋರ್ಡಿನ ಒಂದು ಮೂಲೆ: ಪ್ರೊಸೆಸರ್ ಪಕ್ಕದಲ್ಲೇ ಇರುವ ವಿಆರ್‌ಎಂ. ಪಿಸಿಯ ಪವರ್ ಸಪ್ಲೈ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಬಂದ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಸುಮಾರು 1.2 ವೋಲ್ಟಿಗೆ ಇಳಿಸುವುದು ಇದರ ಕೆಲಸ. ವೋಲ್ಟೇಜ್ ಇಳಿದಷ್ಟೂ ಆಂಪಿಯರ್ ಏರುತ್ತದೆ. 65 ವ್ಯಾಟಿನ ಪ್ರೊಸೆಸರ್ ಪೂರ್ತಿ ದುಡಿಯುವಾಗ ಅಂಗೈಯಗಲದ ಈ ಜಾಗದಲ್ಲಿ 54 ಆಂಪಿಯರ್‌ನಷ್ಟು ಹರಿಯುತ್ತದೆ. ಮನೆಯ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಎಳೆಯುವುದು 5 ಆಂಪಿಯರ್‌ಗೂ ಕಡಿಮೆ. ಈ ಭಾರವನ್ನು ಫೇಸ್ ಎಂಬ ಹಲವು ಪುಟ್ಟ ಸರ್ಕ್ಯೂಟ್‌ಗಳು ಹಂಚಿಕೊಳ್ಳುತ್ತವೆ. ಫೇಸ್ ಕಡಿಮೆಯಿದ್ದು, ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕೂ ಇಲ್ಲದಿದ್ದರೆ ಅಲ್ಲಿನ ಮಾಸ್‌ಫೆಟ್ ಎಂಬ ಸ್ವಿಚ್‌ಗಳು ಬೇಗ ಕಾಯುತ್ತವೆ.

ಆ ಶಾಖ ತಟ್ಟುವುದು ಪಕ್ಕದ ಕೆಪಾಸಿಟರ್‌ಗೆ. ಹಳೆಯ ಬಗೆಯ ಕೆಪಾಸಿಟರ್‌ನ ಒಳಗೆ ದ್ರವವಿರುತ್ತದೆ; ಕಾದಂತೆಲ್ಲ ಅದು ಆರುತ್ತಾ ಹೋಗುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಎಂದು ತಯಾರಕರು ಹೇಳಿದ್ದರೆ, ಪ್ರತಿ 10 ಡಿಗ್ರಿ ಇಳಿದಂತೆ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ. ಅಂದರೆ 85 ಡಿಗ್ರಿಯಲ್ಲಿ 8000 ಗಂಟೆ. ದಿನಕ್ಕೆ 10 ಗಂಟೆ ನಡೆಯುವ ಅಂಗಡಿಗೆ ಅದು ಎರಡು ವರ್ಷ ಚಿಲ್ಲರೆ. ಘನ ಪಾಲಿಮರ್ ಕೆಪಾಸಿಟರ್‌ನ ಲೆಕ್ಕ ಬೇರೆ: 20 ಡಿಗ್ರಿ ಇಳಿದರೆ ಆಯಸ್ಸು ಹತ್ತರಷ್ಟು. ಅದೇ 85 ಡಿಗ್ರಿಯಲ್ಲಿ 20,000 ಗಂಟೆ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ, ತಗಡಿನ ಸೂರಿನ ಅಂಗಡಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಗುರುತಿಸುವುದೂ ಸುಲಭ. ದ್ರವದ್ದಕ್ಕೆ ಪ್ಲಾಸ್ಟಿಕ್ ಹೊದಿಕೆ, ತಲೆಯ ಮೇಲೆ ಕೂಡುಗುರುತಿನಂಥ ಗೀರು. ಒಳಗೆ ಅನಿಲ ತುಂಬಿದಾಗ ಒಡೆಯದೆ ಬಾಯಿ ಬಿಡಲಿ ಎಂದೇ ಆ ಗೀರು. ಪಾಲಿಮರ್‌ದು ಬರಿಮೈಯ ಅಲ್ಯೂಮಿನಿಯಂ ಡಬ್ಬಿ, ತಲೆ ಸಾಮಾನ್ಯವಾಗಿ ನುಣುಪು. ಸೆಕೆಂಡ್ ಹ್ಯಾಂಡ್ ಬೋರ್ಡಿನಲ್ಲಿ ಗೀರಿನ ತಲೆ ಉಬ್ಬಿದ್ದರೆ, ಕಂದು ಕಲೆ ಕಂಡರೆ ಕೈಬಿಡಿ. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ದ್ರವದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಬೋರ್ಡುಗಳನ್ನು ಕೊಂದವು. ಅಂಥ ಯಂತ್ರಗಳ ದುರಸ್ತಿಗೆಂದೇ ಡೆಲ್ ಕಂಪನಿ 2005ರಲ್ಲಿ 30 ಕೋಟಿ ಡಾಲರ್ ಖರ್ಚು ತೋರಿಸಬೇಕಾಯಿತು.

ಬಿಸಿಯ ಜೊತೆಗೆ ಕರೆಂಟಿನ ಕಾಟವೂ ಇದೆ. ತ್ರೀ ಫೇಸ್ ಕರೆಂಟ್ ಬಂದೊಡನೆ ಹೊಲದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ವೋಲ್ಟೇಜ್ ಕುಸಿಯುತ್ತದೆ. ಇದನ್ನು ಮೊದಲು ತಡೆಯಬೇಕಾದ್ದು ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದರ ಮೇಲೆ ನನಗೆ ನಂಬಿಕೆ ಇಲ್ಲ. ಬೋರ್ಡಿನಲ್ಲಿ ಬಣ್ಣದ ದೀಪಕ್ಕೆ ಕೊಡುವ ದುಡ್ಡನ್ನು ಇಲ್ಲಿ ಹಾಕಿ, ಅರ್ಥಿಂಗ್ ಒಮ್ಮೆ ನೋಡಿಸಿ.

ಇನ್ನು ಆಯ್ಕೆ. ಮಾರುಕಟ್ಟೆಯಲ್ಲಿ ಇಂದಿಗೂ ಹೊಚ್ಚ ಹೊಸ ಡಬ್ಬಿಯಲ್ಲಿ ಎಚ್61 ಬೋರ್ಡ್ ಸಿಗುತ್ತದೆ. ಡಬ್ಬಿ ಹೊಸದು, ಚಿಪ್‌ಸೆಟ್ 2011ರದು. ಅದಕ್ಕೆ ಕೂರುವ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜನರ ಆಧಾರ್, ಬ್ಯಾಂಕ್ ವಿವರ ಹಾದುಹೋಗುವ ಯಂತ್ರಕ್ಕೆ ಎಚ್61 ಬೇಡ. ಎಎಂಡಿ ಆದರೆ ಎ520, ಇಂಟೆಲ್ ಆದರೆ ಎಚ್610: ಕಚೇರಿ ಕೆಲಸಕ್ಕೆ ಇಷ್ಟು ಸಾಕು, 65 ವ್ಯಾಟಿನೊಳಗಿನ ಪ್ರೊಸೆಸರ್ ಹಾಕಿದರೆ ಮಾತ್ರ. ಎಚ್610ರ ಹಳೆ ಸ್ಟಾಕಿನಲ್ಲಿ 14ನೇ ಪೀಳಿಗೆಯ ಪ್ರೊಸೆಸರ್ ಕೂರುತ್ತದೆ, ಆದರೆ ಬಯೋಸ್ ಅಪ್‌ಡೇಟ್ ಆಗದೆ ಪಿಸಿ ಏಳುವುದಿಲ್ಲ, ಅಂಗಡಿಯಲ್ಲೇ ಮಾಡಿಸಿಕೊಳ್ಳಿ.

ಸೊಲ್ಲಾಪುರದಲ್ಲಿ ಕೊಂಡರೂ ವಿಜಯಪುರದಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಬೋರ್ಡಿನ ಸೀರಿಯಲ್ ನಂಬರ್ ಬರೆಸಿ. ಬಿಲ್ಲಿಲ್ಲದಿದ್ದರೆ ವಾರಂಟಿಯನ್ನು ಕೊಂಡ ದಿನದ ಬದಲು ತಯಾರಾದ ತಿಂಗಳಿಂದ ಎಣಿಸುವ ಕಂಪನಿಗಳಿವೆ, ಮತ್ತು ಬೋರ್ಡ್ ಗೋದಾಮಿನಲ್ಲಿ ಎಷ್ಟು ಕಾಲ ಕೂತಿತ್ತೋ ಅಷ್ಟೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.