ವಾರಕ್ಕೊಂದು ಫೋಟೋ, ವರ್ಷಕ್ಕೆ 52

ವಾರಕ್ಕೊಂದು ವಿಷಯ, ಅದಕ್ಕೊಂದೇ ಫೋಟೋ. ಕೈಲಿರೋ ಮೊಬೈಲೇ ಸಾಕು.

‘ನೀರು’ ಅಂತ ಬಂದ್ರೆ ನಮ್ಮ ಸಿರಿಗೆರೆಯಿಂದ ಹಿರಿಯೂರಿನ ಕಡೆ ಹೊರಡಿ. ವೇದಾವತಿಗೆ ಕಟ್ಟಿದ ಮಾರಿಕಣಿವೆ ಡ್ಯಾಮ್, 1933 ಬಿಟ್ರೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ!

‘ಕಲ್ಲು’ ಅಂದ್ರೆ ದುರ್ಗದ ಕೋಟೆ. ಓಬವ್ವನ ಕಿಂಡಿ ಎಲ್ಲರೂ ತೆಗೀತಾರೆ, ಬಿಡಿ. ಸಂಜೆಯ ಓರೆ ಬಿಸಿಲಲ್ಲಿ ಗೋಡೆ ನೋಡಿ. ಕಲ್ಲಿನ ಸಂದುಗಳು ಗೆರೆ ಎಳೆದ ಹಾಗೆ ಎದ್ದು ಕಾಣ್ತವೆ.

ನನ್ನನ್ನ ಸತಾಯಿಸಿದ್ದು ‘ಕೆಂಪು’. ಶನಿವಾರ ರಾತ್ರಿಯಾದ್ರೂ ಏನೂ ಸಿಕ್ಕಿರಲಿಲ್ಲ. ಅಡುಗೆಮನೇಲಿ ಅವ್ವ ಮೊರದ ಮುಂದೆ ಕೂತು ಒಣಮೆಣಸಿನಕಾಯಿ ತೊಟ್ಟು ಮುರೀತಿದ್ಲು. ಒಂದು ಕಾಯಿ ಬಲ್ಬಿಗೆ ಅಡ್ಡ ಹಿಡಿದೆ. ಸಿಪ್ಪೆಯೊಳಗೆ ಬೀಜದ ನೆರಳು! ಕ್ಲಿಕ್. ಆಮೇಲೆ ಗೊತ್ತಿಲ್ಲದೆ ಕಣ್ಣುಜ್ಜಿಕೊಂಡೆ.

ಮುಂದಿನ ವಾರ ‘ಗಾಳಿ’. ಗುಡ್ಡದ ಮೇಲೆ ಗಾಳಿಯಂತ್ರದ ಫ್ಯಾನುಗಳು ತಿರುಗ್ತಾ ಇವೆ, ಬರ್ತೀರಾ?