ಅಂದರ್ ಬಾಹರ್ ಆಟದಲ್ಲಿ ಪಣದ ತಂತ್ರಗಳು

ಅಂದರ್ ಬಾಹರ್ ಇಸ್ಪೀಟ್ ಎಲೆಗಳಿಂದ ಆಡುವ, ಸಂಪೂರ್ಣವಾಗಿ ಅದೃಷ್ಟವನ್ನು ಅವಲಂಬಿಸಿದ ಜೂಜಾಟ. ಇದನ್ನು 'ಒಳಗೆ-ಹೊರಗೆ' ಎಂದೂ ಕರೆಯುತ್ತಾರೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನು ಒಳಗೊಂಡ ಕಲ್ಯಾಣ ಕರ್ನಾಟಕದ ಜೂಜು ಪ್ರಕರಣಗಳ ಸುದ್ದಿಗಳಲ್ಲಿ ಈ ಹೆಸರು ಪದೇ ಪದೇ ಕಾಣಿಸುತ್ತದೆ. ಬ್ಲ್ಯಾಕ್‌ಜಾಕ್ ಆಟದಲ್ಲಿ ಎಲೆಗಳನ್ನು ಎಣಿಸಿ ಪಣವನ್ನು ಏರಿಳಿಸುವ ವಿಧಾನಕ್ಕೆ ಗಣಿತದ ಆಧಾರವಿದೆ. ಅಂದರ್ ಬಾಹರ್‌ನಲ್ಲಿ ಅಂತಹ ಯಾವ ತಂತ್ರವೂ ಫಲಿಸುವುದಿಲ್ಲ.

ಆಟದ ಕ್ರಮ

52 ಎಲೆಗಳನ್ನು ಕಲೆಸಿ ಒಂದನ್ನು ತೆರೆದಿಡಲಾಗುತ್ತದೆ. ಇದೇ ಜೋಕರ್. ಆಟಗಾರರು ಅಂದರ್ ಅಥವಾ ಬಾಹರ್ ಮೇಲೆ ಪಣ ಕಟ್ಟಿದ ಬಳಿಕ ಎರಡೂ ಬದಿಗೆ ಒಂದೊಂದೇ ಎಲೆ ಹಾಕಲಾಗುತ್ತದೆ. ಜೋಕರ್ ರಾಣಿಯಾಗಿದ್ದರೆ, ಉಳಿದ ಮೂರು ರಾಣಿಗಳಲ್ಲಿ ಒಂದು ಮೊದಲು ಬಿದ್ದ ಬದಿ ಗೆಲ್ಲುತ್ತದೆ.

ಸಂಭವನೀಯತೆ

ಉಳಿದ 51 ಎಲೆಗಳಲ್ಲಿ ಹೊಂದುವ ಎಲೆಗಳು ಮೂರು ಮಾತ್ರ. ಮೊದಲ ಎಲೆ ಪಡೆಯುವ ಬದಿಯ ಗೆಲುವಿನ ಸಂಭವನೀಯತೆ ಶೇ. 51.5, ಇನ್ನೊಂದು ಬದಿಯದು ಶೇ. 48.5. ಆದುದರಿಂದಲೇ ಕ್ಯಾಸಿನೊಗಳು ಸಾಮಾನ್ಯವಾಗಿ ಮೊದಲ ಬದಿ ಗೆದ್ದರೆ 100 ರೂಪಾಯಿಗೆ 90 ರೂಪಾಯಿಯನ್ನಷ್ಟೇ ಕೊಡುತ್ತವೆ. ಇದರಿಂದ ಆಟಗಾರನಿಗೆ ಮೊದಲ ಬದಿಯಲ್ಲಿ ಸರಾಸರಿ ಶೇ. 2.15, ಸಮಪಾಲು ಕೊಡುವ ಎರಡನೆಯ ಬದಿಯಲ್ಲಿ ಶೇ. 3 ನಷ್ಟವಾಗುತ್ತದೆ.

ಪಣ ದುಪ್ಪಟ್ಟು ಮಾಡುವ ಪದ್ಧತಿ

ಸೋತಾಗಲೆಲ್ಲ ಪಣವನ್ನು ಇಮ್ಮಡಿಗೊಳಿಸಿದರೆ ಒಂದು ಗೆಲುವಿನಿಂದ ಎಲ್ಲವೂ ಮರಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. 100 ರೂಪಾಯಿಯಿಂದ ಎರಡನೆಯ ಬದಿಯಲ್ಲಿ ಆರಂಭಿಸಿ ಸತತ ಆರು ಬಾರಿ ಸೋತವನು 6,300 ರೂಪಾಯಿ ಕಳೆದುಕೊಂಡಿರುತ್ತಾನೆ. ಏಳನೆಯ ಪಣಕ್ಕೆ 6,400 ರೂಪಾಯಿ ಬೇಕು. ಇಂತಹ ಸೋಲು ಸುಮಾರು 54 ಸರಣಿಗಳಿಗೆ ಒಮ್ಮೆ ಸಂಭವಿಸುತ್ತದೆ. ಆರನೆಯ ಸೋಲಿಗೆ ನಿಲ್ಲಿಸುವವನಿಗೆ ಉಳಿದ 53 ಸರಣಿಗಳ ಲಾಭ 5,300 ರೂಪಾಯಿ. ಒಂದು ಸರಣಿಯ ನಷ್ಟ 6,300 ರೂಪಾಯಿ. ಹಲವು ಸಣ್ಣ ಗೆಲುವುಗಳನ್ನು ಒಂದು ಸೋಲು ನುಂಗುತ್ತದೆ.

ಬ್ಲ್ಯಾಕ್‌ಜಾಕ್‌ನೊಂದಿಗೆ ಹೋಲಿಕೆ

ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಪ್ರಕಟಿಸಿದ 'ಬೀಟ್ ದ ಡೀಲರ್' ಕೃತಿ ಎಲೆ ಎಣಿಕೆಯನ್ನು ಪ್ರಸಿದ್ಧಗೊಳಿಸಿತು. ಪ್ರಚಲಿತ ಹೈ-ಲೋ ಪದ್ಧತಿಯಲ್ಲಿ 2ರಿಂದ 6ರವರೆಗಿನ ಎಲೆ ಹೊರಬಿದ್ದರೆ ಒಂದನ್ನು ಕೂಡಿಸಿ, 10, ಗುಲಾಮ, ರಾಣಿ, ರಾಜ, ಎಕ್ಕಗಳಿಗೆ ಒಂದನ್ನು ಕಳೆಯುತ್ತಾರೆ. ಒಂದೇ ರಾಶಿಯಿಂದ ಹಲವು ಆಟಗಳು ನಡೆಯುವುದರಿಂದ, ಹೊರಬಿದ್ದ ಎಲೆಗಳು ಉಳಿದವುಗಳ ಸುಳಿವು ಕೊಡುತ್ತವೆ. ಎಣಿಕೆ ಅನುಕೂಲವಾದಾಗ ಪಣ ಹೆಚ್ಚಿಸಲಾಗುತ್ತದೆ.

ಅಂದರ್ ಬಾಹರ್‌ನಲ್ಲಿ ಪ್ರತಿ ಆಟಕ್ಕೂ ಎಲೆಗಳನ್ನು ಹೊಸದಾಗಿ ಕಲೆಸುವುದರಿಂದ ಹಿಂದಿನ ಆಟದ ನೆನಪು ಉಪಯೋಗಕ್ಕೆ ಬಾರದು. 1956ರಲ್ಲಿ ಜಾನ್ ಕೆಲ್ಲಿ ಮಂಡಿಸಿದ ಪಣದ ಸೂತ್ರದ ಪ್ರಕಾರ, ಆಟಗಾರನಿಗೆ ಅನುಕೂಲವೇ ಇಲ್ಲದ ಆಟದಲ್ಲಿ ಕಟ್ಟಬೇಕಾದ ಪಣ ಶೂನ್ಯ.

ಕಾನೂನು

ಸೇಡಂ, ಚಿತ್ತಾಪುರ, ಚಿಂಚೋಳಿ ಪ್ರದೇಶಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯದ ಜೂಜು ಕಾಯ್ದೆಯಡಿ ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಹೂಡಲಾಗಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಪರಿಗಣಿಸಿತು. ಎಲೆಗಳನ್ನು ನೆನಪಿಡುವುದು, ಹಿಡಿಯುವುದು, ಬಿಡುವುದು ಅಲ್ಲಿ ಮುಖ್ಯ. ಅಂದರ್ ಬಾಹರ್‌ನಲ್ಲಿ ಅಂತಹ ಆಯ್ಕೆಗಳಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 79 ಮತ್ತು 80ನೇ ಕಲಮುಗಳು ಜೂಜಿನ ಅಡ್ಡೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ, 87ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಜೂಜಾಡುವುದನ್ನೂ ಅಪರಾಧವೆಂದು ಪರಿಗಣಿಸುತ್ತವೆ.